ಕ್ಲಾಸ್ ಮುಗಿದ ಮೇಲೆ ವಾರ್ಡಿನಲ್ಲಿ ಏನು ಬದಲಾಗುತ್ತದೆ? ಪುರಾವೆ ಆಧಾರಿತ ಶುಶ್ರೂಷೆಯ ಬಗ್ಗೆ ನಮ್ಮ ಮೂರು ಜಿಲ್ಲೆಗಳ ನರ್ಸ್‌ಗಳ ಚರ್ಚೆ

ತುಮಕೂರು ಟ್ಯೂಟರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸರ್ಜಿಕಲ್ ವಾರ್ಡಿನಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿ ಈಗ ತುಮಕೂರಿನಲ್ಲಿ ನರ್ಸಿಂಗ್ ಪಾಠ ಹೇಳುತ್ತಿದ್ದೇನೆ. ಪುರಾವೆ ಆಧಾರಿತ ಶುಶ್ರೂಷೆ, ಅಂದರೆ ಸಂಶೋಧನೆಯಲ್ಲಿ ಸರಿಯೆಂದು ಕಂಡದ್ದನ್ನು ನೋಡಿ ಆರೈಕೆ ಮಾಡುವುದು, ಇದರ ಬಗ್ಗೆ ಕ್ಲಾಸಿನಲ್ಲಿ ಹೇಳುವುದಕ್ಕೂ ವಾರ್ಡಿನಲ್ಲಿ ನಡೆಯುವುದಕ್ಕೂ ಇರುವ ಅಂತರ ನನ್ನನ್ನು ಬಹಳ ಕಾಡುತ್ತದೆ. ಇಲ್ಲಿ ಅದರ ಬಗ್ಗೆ ಮನಬಿಚ್ಚಿ ಮಾತಾಡೋಣ ಎಂದು ಕೇಳಿಕೊಳ್ಳುತ್ತೇನೆ.

ಬೆಡ್‌ಸೋರ್ (ಮಲಗಿದಲ್ಲೇ ಇರುವವರಿಗೆ ಒತ್ತಡದಿಂದ ಆಗುವ ಹುಣ್ಣು) ವಿಷಯವನ್ನೇ ತೆಗೆದುಕೊಳ್ಳಿ. ಮಲಗಿದಲ್ಲೇ ಇರುವ ರೋಗಿಯ ಹಿಮ್ಮಡಿ ಕೆಳಗೆ ಗ್ಲೌಸಿಗೆ ನೀರು ತುಂಬಿ, ಗಂಟು ಹಾಕಿ ಇಡುವುದನ್ನು ಈಗಲೂ ಎಷ್ಟೋ ವಾರ್ಡುಗಳಲ್ಲಿ ನೋಡುತ್ತೇವೆ. ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕುವುದೂ ಹಾಗೆಯೇ ಉಳಿದುಕೊಂಡಿದೆ. ಯುರೋಪ್, ಅಮೆರಿಕ ಮತ್ತು ಪೆಸಿಫಿಕ್ ದೇಶಗಳ ಬೆಡ್‌ಸೋರ್ ತಜ್ಞರ ಮಂಡಳಿಗಳು ಸೇರಿ 2014ರಲ್ಲಿ ಹೊರತಂದ ಮಾರ್ಗಸೂಚಿ ಎರಡನ್ನೂ ಬೇಡ ಎಂದಿತು. ನೀರಿನ ಗ್ಲೌಸ್, ಐವಿ ಬಾಟಲಿ, ನಡುವೆ ತೂತಿರುವ ರಿಂಗ್ ಇವು ಯಾವುವೂ ಒತ್ತಡವನ್ನು ಇಳಿಸುವುದಿಲ್ಲ, ಪಕ್ಕದ ಜಾಗಕ್ಕೆ ಸರಿಸುತ್ತವೆ ಅಷ್ಟೆ. ಕೆಂಪಾದ ಚರ್ಮದ ಅಡಿಯಲ್ಲಿ ಸಣ್ಣ ರಕ್ತನಾಳಗಳು ಆಗಲೇ ನಲುಗಿರುತ್ತವೆ, ತಿಕ್ಕಿದರೆ ಇನ್ನಷ್ಟು ಹಾಳಾಗುತ್ತವೆ. ಮಾಡಬೇಕಾದದ್ದು ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ಎತ್ತಿಡುವುದು, ಮಗ್ಗುಲು ಬದಲಿಸುವುದು, ಚರ್ಮವನ್ನು ಶುಚಿಯಾಗಿ, ಒಣಗಿಸಿ ಇಡುವುದು.

ಇದು ನರ್ಸ್‌ಗಳಿಗೆ ಗೊತ್ತಿಲ್ಲ ಎಂದೋ, ಅವರಿಗೆ ಆಸಕ್ತಿಯಿಲ್ಲ ಎಂದೋ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಸರಿಯಾಗಿಯೇ ಬರೆಯುತ್ತಾರೆ. ವಾರ್ಡಿಗೆ ಬಂದಾಗ ಸೀನಿಯರ್ ಸಿಸ್ಟರ್ ಮಾಡುವುದನ್ನು ನೋಡಿ ಮಾಡುತ್ತಾರೆ, ಏಕೆಂದರೆ ಬೇರೆ ರೀತಿ ಮಾಡಲು ಯಾರೂ ಪಕ್ಕದಲ್ಲಿ ನಿಂತು ನೆರವಾಗುವುದಿಲ್ಲ.

1996ರಲ್ಲಿ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಪುರಾವೆ ಆಧಾರಿತ ಚಿಕಿತ್ಸೆ ಎಂದರೇನು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪುಟ್ಟ ಲೇಖನದಲ್ಲೇ, ಒಳ್ಳೆಯ ಸಂಶೋಧನೆಯನ್ನೂ ಚಿಕಿತ್ಸೆ ಮಾಡುವವರ ಅನುಭವವನ್ನೂ ಒಟ್ಟಿಗೆ ತರಬೇಕು, ರೋಗಿಯ ಇಷ್ಟವನ್ನು ಮರೆಯಬಾರದು ಎಂದಿದೆ. ನಾವು ಕಾರ್ಯಾಗಾರದಲ್ಲಿ ಮೊದಲನೆಯದನ್ನು ಮಾತ್ರ ಹೇಳಿ ಕಳಿಸುತ್ತೇವೆ. ನನ್ನ ಅಭಿಪ್ರಾಯ ಇಷ್ಟು: ಒಂದು ವಾರ್ಡ್ ಒಂದೇ ಒಂದು ಪ್ರಶ್ನೆ ಹಿಡಿಯಲಿ, ಆ ಪ್ರಶ್ನೆ ಅಲ್ಲಿನ ನರ್ಸ್‌ಗಳದ್ದೇ ಆಗಿರಲಿ, ಫಲವನ್ನು ಅವರೇ ಎಣಿಸಲಿ, ಅನುಭವವಿರುವ ಒಬ್ಬರು ತಿಂಗಳುಗಟ್ಟಲೆ ಅವರ ಜೊತೆಗಿರಲಿ. ನಿಮ್ಮ ವಾರ್ಡುಗಳಲ್ಲಿ ಏನು ನಡೆದಿದೆ, ಏನು ನಡೆಯಲಿಲ್ಲ, ಹೇಳಿ.

ಕೋಲಾರ ನೈಟ್ ಡ್ಯೂಟಿ

ಮೇಡಂ, ನೀವು ಹೇಳೋದು ಸರಿ. ಆದರೆ ಮೊದಲು ಕೈ ಎಷ್ಟಿವೆ ಅಂತ ನೋಡಬೇಕು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರ್ತೀವಿ. ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್, ಇಂಡೆಂಟ್ (ಸ್ಟೋರಿಗೆ ಸಾಮಾನು ಕೇಳಿ ಬರೆಯೋದು), ಅದರ ಮೇಲೆ ರಿಜಿಸ್ಟರುಗಳು. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಿ ಅಂದರೆ ಯಾರು ಬದಲಿಸೋದು?

ಇನ್ನೊಂದು ಮಾತು. ಪ್ರತಿ ಸಲ ಹೊಸದೊಂದು ಬಂದಾಗ ಹೊಸ ಫಾರ್ಮ್ ಬರುತ್ತೆ. ಹಳೆಯದು ಯಾವುದೂ ಹೋಗಲ್ಲ. ಇನ್‌ಸ್ಪೆಕ್ಷನ್‌ಗೆ ಬಂದವರು ಫಾರ್ಮ್ ತುಂಬಿದೆಯಾ ಅಂತ ನೋಡ್ತಾರೆ, ರೋಗಿ ಬೆನ್ನು ನೋಡಲ್ಲ. ಹೀಗಿರುವಾಗ ಪುರಾವೆ ಅಂದರೆ ನಮಗೆ ಇನ್ನೊಂದು ರಿಜಿಸ್ಟರ್ ಅಂತಲೇ ಅನ್ನಿಸುತ್ತೆ. ಇದನ್ನು ಕೋಪದಿಂದ ಹೇಳ್ತಿಲ್ಲ. ಇದಕ್ಕೆ ಉತ್ತರ ಇಲ್ಲದೆ ಉಳಿದದ್ದು ನಿಲ್ಲಲ್ಲ ಅಂತ ಹೇಳ್ತಿದ್ದೀನಿ.

ಚಿಂತಾಮಣಿ ಇನ್‌ಚಾರ್ಜ್

ಕೋಲಾರದ ಸಿಸ್ಟರ್ ಮಾತು ನೂರಕ್ಕೆ ನೂರು ನಿಜ. ನಾನು ವಾರ್ಡ್ ಇನ್‌ಚಾರ್ಜ್ ಆಗಿರೋದರಿಂದ ಎರಡೂ ಕಡೆಯಿಂದ ಕೇಳಿಸಿಕೊಳ್ತೀನಿ.

ಆದರೆ ಒಂದು ಗಮನಿಸಿ. ಪುರಾವೆ ನೋಡಿದರೆ ಕೆಲಸ ಹೆಚ್ಚೋದೇ ಆಗಬೇಕಿಲ್ಲ. ಎಷ್ಟೋ ಕೆಲಸ ಬಿಡಬಹುದು. ಸ್ಪಿರಿಟ್ ತಿಕ್ಕೋದು ಬಿಡಬಹುದು. ಆಪರೇಷನ್‌ಗೆ ಮುಂಚೆ ರೇಜರ್ ಹಿಡಿದು ಶೇವ್ ಮಾಡೋದು ಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು ಕೂದಲು ತೆಗೆಯಲೇಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಾತ್ರ ಬಳಸಿ ಅಂತ, ಯಾಕಂದ್ರೆ ರೇಜರಿನ ಸಣ್ಣ ಗಾಯಗಳಿಂದಲೇ ಸೋಂಕು ಒಳಗೆ ಹೋಗುತ್ತೆ. ಹೆರಿಗೆಗೆ ಬಂದವರಿಗೆ ಎನಿಮಾ ಕೊಡೋದು, ಶೇವ್ ಮಾಡೋದು ಕೂಡ ಬೇಡ ಅಂತ 2018ರ ಹೆರಿಗೆ ಮಾರ್ಗಸೂಚಿಯಲ್ಲಿದೆ. ಕೈಯಲ್ಲಿ ಹಾಕಿರೋ ಸಾಮಾನ್ಯ ಐವಿ ಕ್ಯಾನುಲಾ (ಡ್ರಿಪ್ ಕೊಡೋಕೆ ರಕ್ತನಾಳಕ್ಕೆ ಹಾಕೋ ಸಣ್ಣ ಕೊಳವೆ) ಕಟ್ಟಿಕೊಳ್ಳದಂತೆ ತೊಳೆಯೋಕೆ ಹೆಪಾರಿನ್ ಫ್ಲಶ್ ಬೇಕಿಲ್ಲ, ಸಲೈನ್ ಸಾಕು. ಇಷ್ಟು ಬಿಟ್ಟರೆ ಉಳಿಯೋ ಸಮಯ ಕಡಿಮೆ ಏನಲ್ಲ. ಆದ್ದರಿಂದ ನಾನು ನಮ್ಮ ಮಕ್ಕಳಿಗೆ (ಜೂನಿಯರ್ ಸಿಸ್ಟರುಗಳಿಗೆ) ಮೊದಲು ಬಿಡೋದನ್ನು ಹೇಳ್ತೀನಿ, ಸೇರಿಸೋದನ್ನು ಆಮೇಲೆ ಹೇಳ್ತೀನಿ.

ಹೆಚ್ಚು ಕಷ್ಟವಾದದ್ದು ಸ್ಪಿರಿಟ್ ಬಿಡಿಸೋದು. ಡಾಕ್ಟರುಗಳು ಏನೂ ಹೇಳಲಿಲ್ಲ. ರೋಗಿಯ ಮನೆಯವರೇ ಬಿಡಲಿಲ್ಲ.

ಮುಳಬಾಗಿಲಿನ ಓದುಗ

ನಾನು ನರ್ಸ್ ಅಲ್ಲ, ನಮ್ಮ ತಾಯಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಜೊತೆಗಿದ್ದವನು. ಚಿಂತಾಮಣಿ ಸಿಸ್ಟರ್ ಹೇಳಿದ ಮಾತಿಗೆ ನನ್ನ ಕಡೆಯಿಂದ ಒಂದು ವಿವರಣೆ.

ನಮಗೆ ವಾರ್ಡಿನಲ್ಲಿ ಏನು ನಡೆಯುತ್ತಿದೆ ಎಂದು ಅರ್ಥವಾಗುವುದಿಲ್ಲ. ನರ್ಸ್ ಬಂದು ಬೆನ್ನಿಗೆ ಏನಾದರೂ ಹಚ್ಚಿ ತಿಕ್ಕಿದರೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಸುಮ್ಮನೆ ನೋಡಿ ಹೋದರೆ ಕೈ ಹಚ್ಚಲಿಲ್ಲ ಎಂದು ದೂರುತ್ತೇವೆ. ಅವರು ಬೆನ್ನು ನೋಡಿದ್ದೇ ಒಂದು ಕೆಲಸ ಎಂದು ನಮಗೆ ಯಾರೂ ಹೇಳಿರುವುದಿಲ್ಲ. ಹೇಳಿದರೆ ನಾವೂ ಮಾಡುತ್ತೇವೆ. ಅಮ್ಮನ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಾಗಿ ಕೂತಿರುತ್ತೇವೆ, ಯಾವ ಹೊತ್ತಿಗೆ ಯಾವ ಕಡೆ ತಿರುಗಿಸಬೇಕು, ಮುರಿದ ಕಾಲನ್ನು ಹೇಗೆ ಹಿಡಿಯಬೇಕು ಎಂದು ಒಂದು ಸಲ ತೋರಿಸಿಕೊಟ್ಟರೆ ಸಾಕು.

ಚಿಂತಾಮಣಿ ಇನ್‌ಚಾರ್ಜ್

ಅಣ್ಣಾ, ನಿಮ್ಮ ಮಾತು ಬಹಳ ಉಪಯೋಗ ಆಯ್ತು. ನಾವು ಆಮೇಲೆ ಮಾಡಿದ್ದೂ ಅದನ್ನೇ. ಮಂಚದ ತಲೆ ಕಡೆ ಒಂದು ರಟ್ಟು ಕಟ್ಟಿದೆವು: ಎಡಕ್ಕೆ, ನೇರ, ಬಲಕ್ಕೆ, ಅದರ ಪಕ್ಕ ಗಂಟೆ. ಮೊದಲ ಸಲ ನರ್ಸ್ ತಿರುಗಿಸಿ ತೋರಿಸ್ತಾರೆ, ಆಮೇಲೆ ಮನೆಯವರು ಜೊತೆಗೆ ಕೈ ಹಾಕ್ತಾರೆ. ಮೂಳೆ ಮುರಿದವರನ್ನ, ಆಪರೇಷನ್ ಆದವರನ್ನ ಮನೆಯವರೇ ತಿರುಗಿಸಬಾರದು, ಅಲ್ಲಿ ನರ್ಸ್ ಇರಲೇಬೇಕು. ಸ್ಪಿರಿಟ್ ಯಾಕೆ ಬಿಟ್ಟೆವು ಅಂತಾನೂ ಆ ಹೊತ್ತಲ್ಲೇ ಹೇಳ್ತೀವಿ. ಕಣ್ಣಿಗೆ ಕಾಣೋ ಒಂದು ಆರೈಕೆ ತೆಗೆದರೆ ಅದರ ಜಾಗಕ್ಕೆ ಕಣ್ಣಿಗೆ ಕಾಣೋ ಇನ್ನೊಂದನ್ನು ಇಡಬೇಕು. ಇದನ್ನು ನನಗೆ ಯಾವ ಕಾರ್ಯಾಗಾರದಲ್ಲೂ ಹೇಳಿಕೊಡಲಿಲ್ಲ.

ತುಮಕೂರು ಟ್ಯೂಟರ್

ಕೋಲಾರದ ಸಿಸ್ಟರ್ ಕೇಳಿದ ಎರಡು ಗಂಟೆಯ ಪ್ರಶ್ನೆಗೆ ಬರುತ್ತೇನೆ. ಎರಡು ಗಂಟೆ ಎಂಬುದನ್ನೂ ಸಂಶೋಧನೆ ಪರೀಕ್ಷಿಸಿದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳ 942 ಜನರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿ ನೋಡಿದರು. ಬೆಡ್‌ಸೋರ್ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಕೂಡಲೇ ನಾವೂ ನಾಲ್ಕು ಗಂಟೆ ಮಾಡೋಣ ಅನ್ನಿಸುತ್ತದೆ. ಆದರೆ ಅಲ್ಲಿ ಎಲ್ಲರೂ ಮಲಗಿದ್ದು ದಪ್ಪನೆಯ ಹೈ ಡೆನ್ಸಿಟಿ ಫೋಮ್ ಹಾಸಿಗೆಯ ಮೇಲೆ. ನಮ್ಮಲ್ಲಿ ಎಷ್ಟೋ ಕಡೆ ರೆಕ್ಸಿನ್ ಕವರಿನ ಹಳೆಯ ಹಾಸಿಗೆ, ಬೇಸಿಗೆಯಲ್ಲಿ ಬೆವರು. ಹಾಸಿಗೆ ಬದಲಾಗದೆ ಗಂಟೆ ಬದಲಿಸಿದರೆ ಪುರಾವೆಯ ಅರ್ಧವನ್ನಷ್ಟೇ ತಂದಂತೆ.

ಆದರೂ ನಿಮಗೆ ನೆರವಾಗುವ ಒಂದು ದಾರಿಯಿದೆ. ವಾರ್ಡಿನಲ್ಲಿರುವ ಎಲ್ಲರಿಗೂ ಬೆಡ್‌ಸೋರ್ ಆಗುವ ಅಪಾಯ ಒಂದೇ ಮಟ್ಟದಲ್ಲಿರುವುದಿಲ್ಲ. ಈ ಅಪಾಯವನ್ನು ಅಳೆಯುವ ಬ್ರೇಡನ್ ಸ್ಕೇಲ್‌ನಲ್ಲಿ ಅಂಕ 6ರಿಂದ 23ರವರೆಗೆ ಬರುತ್ತದೆ, 18 ಅಥವಾ ಅದಕ್ಕಿಂತ ಕಡಿಮೆ ಬಂದವರು ಅಪಾಯದಲ್ಲಿರುವವರು. ಅಡ್ಮಿಷನ್ ಹೊತ್ತಿನಲ್ಲಿ ಒಮ್ಮೆ ಹಾಕಿದರೆ ಯಾರ ಬೆನ್ನಿನ ಮೇಲೆ ಕಣ್ಣಿಡಬೇಕು ಎಂದು ತಿಳಿಯುತ್ತದೆ. ಇರುವ ಎರಡು ಕೈಗಳು ಅಲ್ಲಿಗೆ ಹೋಗಲಿ. ಸಿಬ್ಬಂದಿ ಕೊರತೆಗೆ ಇದು ಪರಿಹಾರ ಎಂದು ನಾನು ಹೇಳುವುದಿಲ್ಲ. ಕೊರತೆಯನ್ನು ಸರ್ಕಾರವೂ ಆಡಳಿತವೂ ತುಂಬಲೇಬೇಕು.

ಐಸಿಯು ಬ್ರದರ್

ನನ್ನದು ಬೇರೆ ತಕರಾರು. ಪುರಾವೆ ಬದಲಾಗುತ್ತಲೇ ಇರುತ್ತದೆ, ಅದನ್ನು ನಾವು ಹೇಗೆ ಹಿಂಬಾಲಿಸುವುದು?

ವೆಂಟಿಲೇಟರ್ ರೋಗಿಗಳಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಬಾಯಿ ಒರೆಸುವುದನ್ನು ವರ್ಷಗಟ್ಟಲೆ ಕಡ್ಡಾಯವೆಂಬಂತೆ ಕಲಿತೆವು. 2022ರಲ್ಲಿ ಅಮೆರಿಕದ ಆಸ್ಪತ್ರೆ ಸೋಂಕು ತಡೆ ಸಂಘಗಳು ತಮ್ಮ ಶಿಫಾರಸನ್ನು ಪರಿಷ್ಕರಿಸಿ ಅದನ್ನು ಬೇಡವೆಂದವು, ಬ್ರಷ್‌ನಿಂದ ಹಲ್ಲುಜ್ಜುವುದನ್ನು ಮುಖ್ಯವೆಂದವು. ಹೀಗಾದಾಗ ಸೀನಿಯರುಗಳು ಕೇಳುತ್ತಾರೆ, ನಾಳೆ ಇದನ್ನೂ ಬೇಡ ಅನ್ನಲ್ಲ ಅಂತ ಏನು ಗ್ಯಾರಂಟಿ ಅಂತ.

ಇನ್ನೊಂದು ಉದಾಹರಣೆ ರೈಲ್ಸ್ ಟ್ಯೂಬ್, ಅಂದರೆ ಆಹಾರ ಕೊಡಲು ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ. ಟ್ಯೂಬಿಗೆ ಸಿರಿಂಜಿನಿಂದ ಗಾಳಿ ಬಿಟ್ಟು, ಹೊಟ್ಟೆ ಮೇಲೆ ಸ್ಟೆತ್ ಇಟ್ಟು, ಸದ್ದು ಕೇಳಿದರೆ ಸರಿಯಾಗಿದೆ ಎಂದು ಫೀಡ್ ಶುರು ಮಾಡುತ್ತೇವೆ. ಟ್ಯೂಬ್ ಶ್ವಾಸನಾಳದಲ್ಲಿದ್ದರೂ ಅದೇ ರೀತಿಯ ಸದ್ದು ಕೇಳಿಸಬಹುದು. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಈ ಪರೀಕ್ಷೆಯನ್ನು ನಂಬಬೇಡಿ ಎಂದು ಎಚ್ಚರಿಕೆ ಕೊಟ್ಟಿತ್ತು. ಒಳಗಿನಿಂದ ಎಳೆದ ದ್ರವದ ಪಿಎಚ್ (ಆಮ್ಲ ಹೆಚ್ಚಿದ್ದಷ್ಟೂ ಕಡಿಮೆಯಾಗುವ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಎಕ್ಸ್‌ರೇ. ನಮ್ಮಲ್ಲಿ ಐಸಿಯುಗೆ ಬಂದ ಬಹುಪಾಲು ರೋಗಿಗಳಿಗೆ ಪ್ಯಾಂಟೊಪ್ರಜೋಲ್ ನಡೆಯುತ್ತಿರುತ್ತದೆ, ಆಗ ಹೊಟ್ಟೆಯ ಆಮ್ಲ ಕಡಿಮೆಯಾಗಿ ಪಿಎಚ್ ಏರುತ್ತದೆ, ಟ್ಯೂಬ್ ಸರಿಯಾಗಿದ್ದರೂ ಸ್ಟ್ರಿಪ್ ಸರಿಯಿಲ್ಲ ಎನ್ನಬಹುದು. ಅಂಥವರಿಗೆ ಎಕ್ಸ್‌ರೇ ಬೇಕೇ ಬೇಕು. ಮೂಗಿನ ಹತ್ತಿರ ಟ್ಯೂಬಿನ ಸೆಂಟಿಮೀಟರ್ ಗುರುತು ಬರೆದಿಟ್ಟು ಪ್ರತಿ ಶಿಫ್ಟಿನಲ್ಲಿ ನೋಡುವುದು ಖರ್ಚಿಲ್ಲದ ಕೆಲಸ. ಗುರುತು ಬರೆಯುವುದು ನಮ್ಮಲ್ಲಿ ಬೇಗ ರೂಢಿಗೆ ಬಂತು. ಪಿಎಚ್ ಸ್ಟ್ರಿಪ್ ಇಂಡೆಂಟ್ ಹಾಕಿದರೆ ಸ್ಟೋರಿನಿಂದ ಬರುವುದಿಲ್ಲ. ನರ್ಸಿಗೆ ಗೊತ್ತಿದ್ದೂ ಮಾಡಲಾಗದ ಸ್ಥಿತಿ ಇದು.

ಸೋಂಕು ತಡೆ ಸಿಸ್ಟರ್, ಚಿಕ್ಕಬಳ್ಳಾಪುರ

ಬ್ರದರ್, ಪುರಾವೆ ಬದಲಾದಾಗ ನಾವು ಬೆಚ್ಚಬೇಕಿಲ್ಲ. ಬದಲಾವಣೆಯನ್ನು ಓದುವ ರೀತಿ ಮುಖ್ಯ. ನನಗೆ ಬಹಳ ಕಲಿಸಿದ್ದು ಕ್ಯಾನುಲಾ ಬದಲಿಸುವ ವಿಷಯ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂರು ಅಥವಾ ನಾಲ್ಕು ದಿನಕ್ಕೊಮ್ಮೆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕುವುದು ಹಳೆಯ ನಿಯಮ. 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕ್ಲೇರ್ ರಿಕಾರ್ಡ್ ಎಂಬ ನರ್ಸಿಂಗ್ ಪ್ರೊಫೆಸರ್ ನೇತೃತ್ವದ ಪ್ರಯೋಗ ಬಂತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 3283 ರೋಗಿಗಳು. ಒಂದು ಗುಂಪಿಗೆ ದಿನ ಲೆಕ್ಕ ಹಾಕಿ ಬದಲಿಸಿದರು, ಇನ್ನೊಂದಕ್ಕೆ ತೊಂದರೆ ಕಂಡಾಗ ಮಾತ್ರ. ರಕ್ತನಾಳ ಊದಿಕೊಂಡದ್ದು ಎರಡರಲ್ಲೂ ಶೇ 7. ಅಂದರೆ ಚೆನ್ನಾಗಿರುವ ಲೈನನ್ನು ಕಿತ್ತು ಮತ್ತೆ ಚುಚ್ಚುವ ನೋವೂ ಖರ್ಚೂ ಉಳಿಯಬಹುದು. ಇದನ್ನು ನಡೆಸಿದ್ದು ನರ್ಸ್‌ಗಳೇ ಎಂಬುದನ್ನು ನಾನು ಎಲ್ಲ ಕ್ಲಾಸಿನಲ್ಲೂ ಹೇಳುತ್ತೇನೆ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು ದಿನದ ಲೆಕ್ಕ ಬಿಟ್ಟು ತೊಂದರೆ ಕಂಡಾಗ ಬದಲಿಸುವ ಕ್ರಮಕ್ಕೆ ಬಂದವು. ಲೈನಿನಿಂದ ರಕ್ತಕ್ಕೆ ಸೋಂಕು ತಗಲುವುದು ಹೆಚ್ಚಾಯಿತು, 2021ರಲ್ಲಿ ಅದನ್ನು ಪ್ರಕಟಿಸಿ, ಹಳೆಯ ಕ್ರಮಕ್ಕೆ ಮರಳಿದ್ದಾಗಿ ಹೇಳಿದರು. ಹಾಗಾದರೆ ನಾವು ಯಾವುದನ್ನು ಹಿಡಿಯಬೇಕು? ತೊಂದರೆ ಕಂಡಾಗ ಬದಲಿಸಬೇಕೆಂದರೆ ತೊಂದರೆಯನ್ನು ಕಾಣುವವರು ಬೇಕು. ಪ್ರತಿ ಶಿಫ್ಟಿನಲ್ಲಿ ಪ್ಲಾಸ್ಟರ್ ಕೆಳಗಿನ ಜಾಗವನ್ನು ನೋಡಿ, ನೋವು, ಕೆಂಪು, ಊತ ಇದೆಯೇ ಎಂದು ಬರೆಯುವ ಪದ್ಧತಿ ಗಟ್ಟಿಯಾಗಿದ್ದ ವಾರ್ಡು ದಿನದ ಲೆಕ್ಕ ಬಿಡಬಹುದು. ಒಬ್ಬ ನರ್ಸ್ ಇಡೀ ವಾರ್ಡ್ ನೋಡುವ ಕಡೆ ದಿನದ ಮಿತಿಯನ್ನು ತೆಗೆಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಯಾವ ಕಡೆಯಾದರೂ ಬೇಕಿಲ್ಲದ ಕ್ಯಾನುಲಾವನ್ನು ಅದೇ ದಿನ ತೆಗೆಯಬೇಕು. ಡ್ರಿಪ್ ನಿಂತಿದ್ದರೂ ಇರಲಿ ಅಂತ ಬಿಟ್ಟ ಕ್ಯಾನುಲಾಗಳೇ ನನಗೆ ಹೆಚ್ಚು ತಲೆನೋವು ಕೊಟ್ಟಿವೆ.

ಎಣಿಕೆಯ ಬಗ್ಗೆ ಒಂದು ಮಾತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12ರಂದು, ನರ್ಸ್‌ಗಳ ದಿನವೆಂದು, ಎಲ್ಲ ಕಡೆ ದೀಪ ಹಚ್ಚಿ ಪ್ರಮಾಣವಚನ ಹೇಳುತ್ತೇವೆ. ನೈಟಿಂಗೇಲ್ ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ 1858ರಲ್ಲಿ ಸಾವುಗಳ ಅಂಕಿಗಳನ್ನು ಬಣ್ಣದ ಚಿತ್ರವಾಗಿ ಬರೆದು, ಸೈನಿಕರು ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚು ಸತ್ತರೆಂದು ತೋರಿಸಿದರು. ಆ ಎಣಿಕೆಯೇ ಆಕೆಯ ದೊಡ್ಡ ಕೆಲಸ. ನಾವು ಎಣಿಸಲು ಹೆದರುತ್ತೇವೆ. ಬೆಡ್‌ಸೋರ್ ಸಂಖ್ಯೆ ಬರೆದರೆ ಮೆಮೊ ಬರುತ್ತದೆ ಎಂದು ಗೊತ್ತಾದರೆ ಆ ತಿಂಗಳಿನಿಂದ ಬೆಡ್‌ಸೋರ್ ಶೂನ್ಯ! ನನಗೆ ತಿಳಿದ ಒಂದು ಆಸ್ಪತ್ರೆಯಲ್ಲಿ ಹೀಗೆಯೇ ಆಯಿತು. ನರ್ಸಿಂಗ್ ಸೂಪರಿಂಟೆಂಡೆಂಟರು ಮೊದಲ ದಿನವೇ ಸಭೆಯಲ್ಲಿ, ಈ ಅಂಕಿ ಯಾರನ್ನೂ ಶಿಕ್ಷಿಸಲು ಅಲ್ಲ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಬೇಕು. ಅದಿಲ್ಲದೆ ಯಾವ ಅಂಕಿಯನ್ನೂ ನಂಬಲಾಗದು.

ಬಿಎಸ್ಸಿ ಮೂರನೇ ವರ್ಷ

ಎಲ್ಲ ಸೀನಿಯರ್ ಮೇಡಂಗಳಿಗೆ ನಮಸ್ತೆ. ನಮ್ಮ ಸಿಲೆಬಸ್‌ನಲ್ಲಿ ಪುರಾವೆ ಆಧಾರಿತ ಶುಶ್ರೂಷೆ ಇದೆ. ಪೋಸ್ಟಿಂಗ್‌ಗೆ ಹೋದಾಗ ಓದಿದ್ದಕ್ಕಿಂತ ಬೇರೆ ರೀತಿ ನಡೆಯೋದು ಕಂಡರೆ ಏನು ಮಾಡಬೇಕು? ಸ್ಟೂಡೆಂಟ್ ಹೇಳಿದರೆ ನೀನು ನಮಗೆ ಕಲಿಸ್ತೀಯಾ ಅಂತಾರೆ. ಪೇಪರ್‌ಗಳೆಲ್ಲ ಇಂಗ್ಲಿಷ್‌ನಲ್ಲಿ ಇರುತ್ತವೆ, ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಹುಡುಕೋದು ಎಲ್ಲಿಂದ ಶುರು ಮಾಡಲಿ?

ಚಿಂತಾಮಣಿ ಇನ್‌ಚಾರ್ಜ್

ಮಗಳೇ, ತಪ್ಪು ಅಂತ ಹೇಳಬೇಡ, ಪ್ರಶ್ನೆ ಕೇಳು. "ಸಿಸ್ಟರ್, ಕ್ಲಾಸಲ್ಲಿ ಹಿಮ್ಮಡಿ ಕೆಳಗೆ ಗ್ಲೌಸ್ ಬೇಡ, ಮೀನಖಂಡದ ಕೆಳಗೆ ದಿಂಬು ಕೊಡಿ ಅಂದ್ರು, ಈ ಪೇಷಂಟ್‌ಗೆ ಹಾಗೆ ಮಾಡಿ ನೋಡಲಾ?" ಅಂತ. ಅನುಮತಿ ಕೇಳಿದವಳನ್ನು ಯಾವ ಸಿಸ್ಟರೂ ಬೈಯಲ್ಲ, ನಾನಂತೂ ಬೈದಿಲ್ಲ. ಮಾಡಿ ತೋರಿಸಿದ ಮೇಲೆ ಮಾತು ತಾನೇ ಹಬ್ಬುತ್ತೆ.

ತುಮಕೂರು ಟ್ಯೂಟರ್

ಹುಡುಕುವುದಕ್ಕೆ ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ. ಯಾವ ರೋಗಿ, ಏನು ಮಾಡಬೇಕೆಂದಿದ್ದೀರಿ, ಯಾವುದಕ್ಕೆ ಹೋಲಿಸುತ್ತೀರಿ, ಯಾವ ಫಲ ನೋಡುತ್ತೀರಿ. ಈ ನಾಲ್ಕನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಪ್ರಶ್ನೆ ಸ್ವಚ್ಛವಾದರೆ ಹುಡುಕುವ ಇಂಗ್ಲಿಷ್ ಪದಗಳು ಐದಾರೇ ಬೇಕಾಗುತ್ತವೆ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಉಚಿತ. ಒಂದು ವಿಷಯದ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡುವ ಕಾಕ್ರೇನ್ ವಿಮರ್ಶೆಗಳಿಗೆ ಸಾಮಾನ್ಯ ಓದುಗರಿಗಾಗಿ ಸರಳ ಸಾರಾಂಶವಿರುತ್ತದೆ, ಅದೂ ಉಚಿತ, ಅಲ್ಲಿಂದಲೇ ಆರಂಭಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳನ್ನೂ ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ಹೊರತಂದ ಸೋಂಕು ತಡೆ ಮಾರ್ಗಸೂಚಿಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದೇ ಪ್ರಯೋಗ ಓದಿ ತೀರ್ಮಾನಕ್ಕೆ ಬರಬೇಡಿ, ಚಿಕ್ಕಬಳ್ಳಾಪುರದ ಸಿಸ್ಟರ್ ಕ್ಯಾನುಲಾ ವಿಷಯದಲ್ಲಿ ತೋರಿಸಿದ್ದು ಅದನ್ನೇ. ಓದಿದ್ದನ್ನು ಹ್ಯಾಂಡೋವರ್ (ಪಾಳಿ ಬದಲಾಗುವ) ಹೊತ್ತಿನಲ್ಲಿ ಎರಡು ನಿಮಿಷ ಕನ್ನಡದಲ್ಲಿ ಹೇಳಿ.

ಪಾವಗಡ ಲೇಬರ್ ರೂಮ್

ಪುರಾವೆ ಅಂದರೆ ಹೊರದೇಶದಿಂದ ಬರೋದು ಅನ್ನೋ ಭಾವನೆ ನಮ್ಮವರಲ್ಲಿ ಬಹಳ ಇದೆ. ಅದು ಹೋಗಬೇಕು. ನಮ್ಮ ಕರ್ನಾಟಕದ್ದೇ ಹೇಳ್ತೀನಿ ಕೇಳಿ.

ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದವರ ಜೊತೆ ಸೇರಿ ಹೆರಿಗೆ ಆದ ಮೇಲಿನ ರಕ್ತಸ್ರಾವದ ಮೇಲೆ ಮಾಡಿದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹಳ್ಳಿಗಳಲ್ಲಿ 1620 ಬಾಣಂತಿಯರು, ಹೆರಿಗೆ ಮಾಡಿಸಿದವರು ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಸಿಸ್ಟರುಗಳು. ಗರ್ಭಕೋಶ ಬಿಗಿಯಾಗಿಸೋ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡದವರಲ್ಲಿ ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ಶೇ 12, ಕೊಟ್ಟವರಲ್ಲಿ ಶೇ 6.4. ಜಗತ್ತು ಓದಿದ ಆ ಪುರಾವೆ ಹುಟ್ಟಿದ್ದು ನಮ್ಮ ಎಎನ್‌ಎಂಗಳ ಕೈಯಲ್ಲಿ. ಅದೇ ವರ್ಷ ಅದೇ ಬೆಳಗಾವಿಯಿಂದ ಇನ್ನೊಂದು ಬಂತು: ಕಣ್ಣಂದಾಜಿನಲ್ಲಿ ರಕ್ತ ಎಷ್ಟು ಹೋಯ್ತು ಅಂತ ಹೇಳಿದರೆ, ಅಳತೆ ಗುರುತು ಇರೋ ಪ್ಲಾಸ್ಟಿಕ್ ಡ್ರೇಪ್‌ನಲ್ಲಿ (ರಕ್ತ ಹಿಡಿಯೋಕೆ ತಾಯಿಯ ಕೆಳಗೆ ಹಾಸೋ ಹಾಳೆಯಲ್ಲಿ) ಕಂಡಿದ್ದಕ್ಕಿಂತ ಶೇ 33 ಕಡಿಮೆ ಹೇಳ್ತೀವಿ. ಅನುಭವ ಇರೋರೂ ಹೀಗೇ ಕಡಿಮೆ ಅಂದಾಜು ಮಾಡ್ತಾರೆ, ಬಟ್ಟೆಯಲ್ಲಿ ಹೀರಿಕೊಂಡ ರಕ್ತ ಕಣ್ಣಿಗೆ ಕಾಣಲ್ಲ.

ಆ ಡ್ರೇಪ್ ಮುಂದೆ ದೊಡ್ಡ ಕೆಲಸ ಮಾಡ್ತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಡ್ರೇಪ್‌ನಿಂದ ಅಳೆದು, ರಕ್ತ ಹೆಚ್ಚು ಹೋಗ್ತಿದೆ ಅಂದ ತಕ್ಷಣ ಗರ್ಭಕೋಶ ಮಸಾಜ್, ಗರ್ಭಕೋಶ ಬಿಗಿಯಾಗಿಸೋ ಆಕ್ಸಿಟೋಸಿನ್, ರಕ್ತ ನಿಲ್ಲಿಸೋಕೆ ಟ್ರಾನೆಕ್ಸಾಮಿಕ್ ಆಸಿಡ್, ಐವಿ ಫ್ಲೂಯಿಡ್, ಪರೀಕ್ಷೆ, ಎಲ್ಲವನ್ನೂ ಒಂದೊಂದಾಗಿ ಕಾಯದೆ ಒಟ್ಟಿಗೆ ಶುರು ಮಾಡಿದರು. 2023ರಲ್ಲಿ ಫಲಿತಾಂಶ ಬಂತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯೋ ಆಪರೇಷನ್, ಸಾವು ಇವುಗಳನ್ನು ಸೇರಿಸಿ ನೋಡಿದರೆ ಶೇ 60 ಕಡಿಮೆ. ಹೊಸ ಔಷಧಿ ಒಂದೂ ಇಲ್ಲ. ಅಳೆದರು, ತಡ ಮಾಡಲಿಲ್ಲ, ಅಷ್ಟೇ. ನಮ್ಮಂಥ ತಾಲ್ಲೂಕು ಆಸ್ಪತ್ರೆಯಿಂದ ರೆಫರ್ ಮಾಡಿದರೆ ತುಮಕೂರು ತಲುಪೋಕೆ ಎಷ್ಟು ಹೊತ್ತು ಬೇಕು ಅಂತ ಈ ಕಡೆಯವರಿಗೆಲ್ಲ ಗೊತ್ತು. ಆ ಹೊತ್ತಿನಲ್ಲಿ ತಾಯಿ ಉಳಿಯೋದು ಲೇಬರ್ ರೂಮಿನಲ್ಲಿ ಮೊದಲ ನಿಮಿಷಗಳಲ್ಲಿ ನಾವು ಮಾಡೋದರ ಮೇಲೆ. ಆಕ್ಸಿಟೋಸಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು ಅನ್ನೋದೂ ಇದರೊಳಗೇ ಬರುತ್ತೆ, ಪಾವಗಡದ ಬಿಸಿಲಿಗೆ ಟ್ರೇಯಲ್ಲಿ ಬಿಟ್ಟರೆ ಅದರ ಶಕ್ತಿ ಇಳಿಯುತ್ತೆ.

ತುಮಕೂರು ಟ್ಯೂಟರ್

ಪಾವಗಡದ ಸಿಸ್ಟರ್, ಇದಕ್ಕಾಗಿ ನಿಮಗೆ ಧನ್ಯವಾದ. ಇದರ ಜೊತೆ ಕರ್ನಾಟಕದ್ದೇ ಇನ್ನೊಂದು ಸೇರಿಸುತ್ತೇನೆ, ನಾನು ಮೊದಲು ಹೇಳಿದ "ಜೊತೆಗಿರಬೇಕು" ಎಂಬ ಮಾತಿಗೆ ಅದೇ ಆಧಾರ.

ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ಆಸ್ಪತ್ರೆ ಇತ್ತು. 2012ರ ವರದಿಯ ಪ್ರಕಾರ ಪ್ರತಿ ಹೆರಿಗೆಗೆ ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದವು, ಚೆಕ್‌ಲಿಸ್ಟ್ ಬಂದ ಮೇಲೆ 25 ನಡೆದವು. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಪ್ರಯೋಗ ಮಾಡಿದರು, 2017ರಲ್ಲಿ ಪ್ರಕಟವಾಯಿತು. ಅಲ್ಲಿ ನರ್ಸ್‌ಗಳ ಪಕ್ಕದಲ್ಲಿ ಕೋಚ್‌ಗಳು ನಿಂತು ಹೇಳಿಕೊಡುತ್ತಿದ್ದರು. ಎರಡನೇ ತಿಂಗಳಿನಲ್ಲಿ ಸರಿಯಾಗಿ ನಡೆದ ಕೆಲಸ ಶೇ 73, ಚೆಕ್‌ಲಿಸ್ಟ್ ಇಲ್ಲದ ಆಸ್ಪತ್ರೆಗಳಲ್ಲಿ ಶೇ 42. ಕೋಚ್‌ಗಳ ಭೇಟಿ ನಿಂತು ತಿಂಗಳುಗಳಾದ ಮೇಲೆ, ಹನ್ನೆರಡನೇ ತಿಂಗಳಿನಲ್ಲಿ ಅದು ಶೇ 62ಕ್ಕೆ ಇಳಿಯಿತು. ತಾಯಿ ಮಗುವಿನ ಸಾವಿನಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಚೆಕ್‌ಲಿಸ್ಟ್ ಸೋತಿತು ಎಂದು ಕೆಲವರು ಓದುತ್ತಾರೆ. ನಾನು ಓದುವುದು ಹೀಗೆ: ಪಕ್ಕದಲ್ಲಿ ನಿಂತು ಕಲಿಸಿದರೆ ನರ್ಸ್‌ಗಳು ಬೇಗ ಕಲಿಯುತ್ತಾರೆ, ಹೊರಗಿನಿಂದ ಬಂದವರು ಹೊರಟುಹೋದರೆ ಕಲಿತದ್ದು ಜಾರತೊಡಗುತ್ತದೆ, ಔಷಧಿ, ರಕ್ತ, ರೆಫರಲ್ ಇವೆಲ್ಲ ಸರಿಯಿಲ್ಲದೆ ನರ್ಸ್ ಒಬ್ಬಳ ಶ್ರದ್ಧೆಯಿಂದ ಸಾವು ನಿಲ್ಲುವುದಿಲ್ಲ. ಆದ್ದರಿಂದ ಕೋಚ್ ಹೊರಗಿನವರಾಗಬಾರದು. ಅದೇ ವಾರ್ಡಿನ, ಜೂನಿಯರುಗಳು ಧೈರ್ಯವಾಗಿ ಪ್ರಶ್ನೆ ಕೇಳಬಲ್ಲ ಒಬ್ಬ ಸಿಸ್ಟರನ್ನು ಆರಿಸಿ, ವಾರಕ್ಕೆ ಕೆಲವು ಗಂಟೆ ಆಕೆಯ ಡ್ಯೂಟಿಯಿಂದಲೇ ಬಿಡಿಸಿ ಈ ಕೆಲಸಕ್ಕೆ ಕೊಡಬೇಕು. ರಜೆಯ ದಿನ ಬಂದು ಮಾಡು ಎನ್ನಬಾರದು. ಆಡಳಿತದವರು ಇದನ್ನು ಓದುತ್ತಿದ್ದರೆ ನನ್ನ ಒಂದೇ ಬೇಡಿಕೆ ಇದು.

ಗೌರಿಬಿದನೂರು ಅನಸ್ತೇಷಿಯಾ

ನಾನು ಅರಿವಳಿಕೆ ವೈದ್ಯ. ಒಂದು ವಾರ್ಡ್ ಒಂದು ಪ್ರಶ್ನೆ ಎಂದಿರಲ್ಲ, ಖರ್ಚಿಲ್ಲದ, ಹೊಸ ಫಾರ್ಮ್ ಬೇಕಿಲ್ಲದ ಒಂದನ್ನು ನಾನು ಕೊಡುತ್ತೇನೆ.

"ರಾತ್ರಿ ಹನ್ನೆರಡರಿಂದ ಎನ್‌ಪಿಒ." ಅಂದರೆ ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಕೊಡಬಾರದು. ಇದನ್ನು ಬರೆಯುವವರು ನಾವು ವೈದ್ಯರೇ, ನರ್ಸ್‌ಗಳು ಪಾಲಿಸುತ್ತಾರೆ. ಲಿಸ್ಟಿನಲ್ಲಿ ಕೊನೆಯವರಾದ ಅಜ್ಜಿಗೆ ಮಧ್ಯಾಹ್ನ ಎರಡು ಗಂಟೆಗೆ ಆಪರೇಷನ್ ಆದರೆ ಹದಿನಾಲ್ಕು ಗಂಟೆ ಒಂದು ಗುಟುಕು ನೀರಿಲ್ಲ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ ಹೇಳುವುದು ಹಗುರವಾದ ಊಟಕ್ಕೆ ಆರು ಗಂಟೆ, ತಿಳಿಯಾದ ದ್ರವಕ್ಕೆ ಎರಡು ಗಂಟೆ. ನೀರು, ಹಾಲಿಲ್ಲದ ಕಪ್ಪು ಟೀ ಇವು ತಿಳಿದ್ರವ. ಹಾಲು ಹಾಕಿದ ಟೀ, ಮಜ್ಜಿಗೆ, ರಾಗಿ ಅಂಬಲಿ ಅಲ್ಲ, ಇದನ್ನು ನಮ್ಮ ಕಡೆ ಒತ್ತಿ ಹೇಳಬೇಕು. ಒಣಗಿ ಬಂದ ರೋಗಿಗೆ ನಾಳ ಸಿಗುವುದು ಕಷ್ಟ, ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಇಳಿಯುತ್ತದೆ.

ನರ್ಸ್‌ಗಳು ಇಲ್ಲಿ ಒಬ್ಬರೇ ನಿರ್ಧರಿಸಲಾಗದು, ವೈದ್ಯರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಲಿಸ್ಟ್ ಬಂದಾಗ ವಾರ್ಡಿನಿಂದ ನನಗೆ ಒಂದು ಫೋನ್ ಬಂದರೆ ಸಾಕು: "ಸರ್, ಐದನೇ ಕೇಸಿಗೆ ಬೆಳಿಗ್ಗೆ ನೀರು ಕೊಡಬಹುದಾ?" ಈ ಪ್ರಶ್ನೆ ಕೇಳುವ ನರ್ಸ್ ನನಗೆ ಬೇಕು.

ಕೋಲಾರ ನೈಟ್ ಡ್ಯೂಟಿ

ಸರ್, ಇದು ನನಗೆ ಆಗುವಂಥದ್ದು. ಎನ್‌ಪಿಒ ಹೇಳೋದು ರಾತ್ರಿ ಪಾಳಿಯ ನಾವೇ, ಬಾಯಾರಿಕೆ ಅಂತ ರಾತ್ರಿಯೆಲ್ಲ ನಮ್ಮನ್ನೇ ಕೇಳ್ತಾರೆ. ಕೈ ಕಡಿಮೆ ಇದ್ದರೂ ಇದನ್ನು ಮಾಡಬಹುದು. ನಮ್ಮ ಸರ್ಜನ್ ಮತ್ತು ಅನಸ್ತೇಷಿಯಾ ಸರ್ ಹತ್ತಿರ ಮಾತಾಡ್ತೀನಿ. ಕೇಸ್ ಶೀಟಲ್ಲಿ ಕೊನೆಯ ಸಲ ನೀರು ಕುಡಿದ ಗಂಟೆ, ಥಿಯೇಟರ್‌ಗೆ ಹೋದ ಗಂಟೆ, ಇವೆರಡು ಬರೆದರೆ ಎಷ್ಟು ಹೊತ್ತು ಉಪವಾಸ ಇದ್ದರು ಅನ್ನೋ ಲೆಕ್ಕ ತಾನೇ ಸಿಗುತ್ತೆ, ಬೇರೆ ರಿಜಿಸ್ಟರ್ ಬೇಡ. ಮೊದಲು ಸ್ವಲ್ಪ ದಿನ ಈಗಿನ ಕ್ರಮದಲ್ಲೇ ಬರೆದಿಡ್ತೀನಿ, ಆಮೇಲೆ ಬದಲಿಸಿ ಹೋಲಿಸ್ತೀವಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರೋರಿಗೆ ತೆಲುಗಿನಲ್ಲೂ ಹೇಳಬೇಕಾಗುತ್ತೆ. ಬೋರ್ಡಿಗೆ ಏನು ಬರೆಯಬೇಕು, ಕನ್ನಡದಲ್ಲಿ ಕೊಡಿ, ತೆಲುಗು ನಾನು ಮಾಡ್ಕೋತೀನಿ.

ಗೌರಿಬಿದನೂರು ಅನಸ್ತೇಷಿಯಾ

ಹೀಗೆ ಬರೆಯಿರಿ: "ನಾಳೆ ಆಪರೇಷನ್ ಇರುವವರು ಗಮನಿಸಿ. ಊಟ, ತಿಂಡಿ, ಹಾಲು, ಹಾಲಿನ ಟೀ, ಮಜ್ಜಿಗೆ, ಅಂಬಲಿಯನ್ನು ನರ್ಸ್ ಹೇಳಿದ ಗಂಟೆಯ ನಂತರ ತೆಗೆದುಕೊಳ್ಳಬೇಡಿ. ನೀರನ್ನು ಎಷ್ಟು ಗಂಟೆಯವರೆಗೆ ಕುಡಿಯಬಹುದು ಎಂದು ನಿಮ್ಮ ನರ್ಸ್ ಹೇಳುತ್ತಾರೆ. ಅವರನ್ನು ಕೇಳದೆ ಏನನ್ನೂ ಕುಡಿಯಬೇಡಿ, ಕೇಳಲು ಹಿಂಜರಿಯಬೇಡಿ."

ಗಂಟೆಯನ್ನು ಬೋರ್ಡಿನಲ್ಲಿ ಹಾಕಬೇಡಿ, ಅದು ಒಬ್ಬೊಬ್ಬರಿಗೆ ಬೇರೆ. ಕರುಳು ಕಟ್ಟಿಕೊಂಡವರು, ವಾಂತಿ ಆಗುತ್ತಿರುವವರು, ಹೆರಿಗೆ ನೋವಿನಲ್ಲಿರುವವರು, ತುರ್ತು ಕೇಸುಗಳು, ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವವರು ಈ ಎರಡು ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ, ಅವರ ಹೆಸರನ್ನು ಲಿಸ್ಟಿನಲ್ಲಿ ಬೇರೆಯಾಗಿ ಗುರುತು ಮಾಡಿ ನಿಮ್ಮ ಅನಸ್ತೇಷಿಯಾ ವೈದ್ಯರನ್ನೇ ಕೇಳಿ.

ಕೋಲಾರ ನೈಟ್ ಡ್ಯೂಟಿ

ಬರೆದುಕೊಂಡೆ ಸರ್. ಲಿಸ್ಟ್ ತಡವಾಗಿ ಬದಲಾದಾಗ ವಾರ್ಡಿಗೆ ಯಾರೂ ತಿಳಿಸಲ್ಲ, ಅದಕ್ಕೂ ಥಿಯೇಟರ್ ಸಿಸ್ಟರ್ ಹತ್ತಿರ ಮಾತಾಡಿಟ್ಟುಕೊಳ್ತೀನಿ. ಮೊದಲ ಲೆಕ್ಕ ಬಂದ ಮೇಲೆ ಇಲ್ಲೇ ಹಾಕ್ತೀನಿ.